ಚೌಕಕ್ಕೆ ನಾಲ್ಕು, ಸಮಾಂತರ ಚತುರ್ಭುಜಕ್ಕೆ ಸೊನ್ನೆ: ಸಮಮಿತಿ ರೇಖೆ ಹುಡುಕುವುದು ಹೀಗೆ

ಹಾಸನದಲ್ಲಿ ನನ್ನ ಹತ್ತಿರ ಗಣಿತ ಹೇಳಿಸಿಕೊಳ್ಳಲು ಬರುವ ಮಕ್ಕಳು, ಅವರಿಗಿಂತ ಜಾಸ್ತಿ ಅವರ ಮನೆಯವರು, ಪದೇ ಪದೇ ಕೇಳುವ ಪ್ರಶ್ನೆಗಳು ಮೂರು. ಕರ್ಣ ಆಯತವನ್ನು ಸರಿಯಾಗಿ ಎರಡು ಪಾಲು ಮಾಡುತ್ತದಲ್ವಾ, ಮತ್ತೆ ಅದು ಯಾಕೆ ಸಮಮಿತಿ ರೇಖೆ ಅಲ್ಲ? ಸಮಾಂತರ ಚತುರ್ಭುಜ ನೋಡೋಕೆ ಅಷ್ಟು ಒಪ್ಪವಾಗಿದೆ, ಅದಕ್ಕೆ ಒಂದೂ ಇಲ್ಲ ಅಂದರೆ ಹೇಗೆ? ಷಡ್ಭುಜಕ್ಕೆ ಆರು ಮೂಲೆ, ಆರು ಬಾಹು, ಆದರೂ ಉತ್ತರ 12 ಅಲ್ಲದೆ 6 ಯಾಕೆ?

ಮೂರಕ್ಕೂ ಒಂದೊಂದು ಸಾಲಿನ ಉತ್ತರ ಹೇಳಿ ಕಳಿಸಬಹುದು. ಅದು ಪರೀಕ್ಷೆವರೆಗೆ ನೆನಪಿರುತ್ತದೆ, ಆಮೇಲೆ ಹೋಗಿಬಿಡುತ್ತದೆ. ಅದಕ್ಕೇ ಇಲ್ಲಿ ಬಾಯಿಪಾಠದ ಪಟ್ಟಿ ಕೊಡುತ್ತಿಲ್ಲ. ಯಾವ ಆಕೃತಿ ಕೈಗೆ ಬಂದರೂ ಅದರ ರೇಖೆಗಳನ್ನು ನೀವೇ ಹುಡುಕಿಕೊಳ್ಳುವ ದಾರಿ ಹೇಳುತ್ತೇನೆ. 6ನೇ, 7ನೇ ತರಗತಿಯ ಮಕ್ಕಳು ಒಬ್ಬರೇ ಓದಿ ಮಾಡಬಹುದು. ಮನೆಯವರು ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು.

ಮೊದಲು ಮಾತು ಒಂದಾಗಲಿ

ಒಂದು ಗೆರೆಯ ಮೇಲೆ ಆಕೃತಿಯನ್ನು ಮಡಚಿದಾಗ ಒಂದು ಭಾಗ ಇನ್ನೊಂದರ ಮೇಲೆ ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂತರೆ ಆ ಗೆರೆಯೇ ಸಮಮಿತಿ ರೇಖೆ. ಕೆಲವು ಪುಸ್ತಕಗಳಲ್ಲಿ ಸಮಮಿತಿ ಅಕ್ಷ ಅಂತಲೂ ಇರುತ್ತದೆ, ಎರಡೂ ಒಂದೇ. ಶೃಂಗ ಅಂದರೆ ಮೂಲೆ. ಬಾಹು ಅಂದರೆ ಎರಡು ಮೂಲೆಗಳ ನಡುವಿನ ಬದಿ. ಎದುರುಬದುರಿನ ಮೂಲೆಗಳನ್ನು ಸೇರಿಸುವ ಗೆರೆ ಕರ್ಣ. ಎದುರುಬದುರಿನ ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಗೆರೆಯನ್ನು ಈ ಲೇಖನದ ಉದ್ದಕ್ಕೂ ನಡುಗೆರೆ ಅಂತ ಕರೆಯುತ್ತೇನೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಎರಡು ಸಮಪಾಲು ಆಗುವುದು ಬೇರೆ, ಮಡಚಿದಾಗ ಕೂರುವುದು ಬೇರೆ. ನಾನು ನೋಡಿದ ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಇವೆರಡನ್ನು ಒಂದೇ ಅಂದುಕೊಂಡಿದ್ದರಿಂದ ಬಂದವು.

ಬೇಕಾಗುವ ಸಾಮಾನು

ಏಳೆಂಟು ಎ4 ಹಾಳೆ, ಕತ್ತರಿ, ಸ್ಕೇಲ್, ಜಾಮಿಟ್ರಿ ಬಾಕ್ಸಿನ ಕೈವಾರ ಮತ್ತು ಕೋನಮಾಪಕ, ಒಂದು ಚಿಕ್ಕ ಕನ್ನಡಿ, ಒಂದು ಟ್ರೇಸಿಂಗ್ ಪೇಪರ್. ಟ್ರೇಸಿಂಗ್ ಪೇಪರ್ ಸಿಗದಿದ್ದರೆ ಅಡುಗೆಮನೆಯ ಬಟರ್ ಪೇಪರ್ ಸಾಕು. ಕನ್ನಡಿಗೆ ಚೌಕಟ್ಟು ಇರಬಾರದು, ಇದ್ದರೆ ಅದು ಗೆರೆಯ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಗಾಜಿನ ತುಂಡಾಗಿದ್ದರೆ ಕೆಳಗಿನ ಅಂಚು ಒಂದನ್ನು ಬಿಟ್ಟು ಉಳಿದ ಅಂಚುಗಳಿಗೆಲ್ಲ ದಪ್ಪ ಟೇಪ್ ಸುತ್ತಿ, ಆಮೇಲೆ ಮಕ್ಕಳ ಕೈಗೆ ಕೊಡಿ. ನ್ಯೂಸ್‌ಪೇಪರ್ ಬೇಡ, ಮಡಿಕೆ ನೇರ ಬರುವುದಿಲ್ಲ. ರಟ್ಟೂ ಬೇಡ.

1ನೇ ಹಂತ: ಆಕೃತಿಗಳನ್ನು ಕತ್ತರಿಸಿಕೊಳ್ಳಿ

ಎ4 ಹಾಳೆಯೇ ಒಂದು ಆಯತ, 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಒಂದು ಹಾಳೆಯನ್ನು ಹಾಗೇ ಎತ್ತಿಡಿ.

ಚೌಕಕ್ಕೆ ಇನ್ನೊಂದು ಹಾಳೆ ತೆಗೆದುಕೊಂಡು, ಅದರ ಕಿರಿಯ ಅಂಚು ಉದ್ದನೆ ಅಂಚಿನ ಮೇಲೆ ಸರಿಯಾಗಿ ಕೂರುವ ಹಾಗೆ ಓರೆಯಾಗಿ ಮಡಚಿ. ಒಂದು ಕಡೆ 87 ಮಿ.ಮೀ. ಅಗಲದ ಪಟ್ಟಿ ಉಳಿಯುತ್ತದೆ, ಅದನ್ನು ಕತ್ತರಿಸಿ ತೆಗೆಯಿರಿ. ಆ ಪಟ್ಟಿಯನ್ನು ಎಸೆಯಬೇಡಿ, ಮುಂದೆ ಪಂಚಭುಜಕ್ಕೆ ಬೇಕು.

ವಜ್ರಾಕೃತಿ, ಅಂದರೆ ನಾಲ್ಕೂ ಬಾಹು ಸಮ ಇದ್ದು ಕೋನಗಳು 90 ಡಿಗ್ರಿ ಇಲ್ಲದ್ದು, ಇದನ್ನು ಮಾಡುವ ಚಂದದ ಉಪಾಯ ಒಂದಿದೆ. ಹೊಸ ಎ4 ಹಾಳೆಯ ಎದುರುಬದುರಿನ ಎರಡು ಮೂಲೆಗಳನ್ನು ಒಂದರ ಮೇಲೊಂದು ತಂದು ಮಡಚಿ. ನಡುವೆ ಎರಡು ಪದರದ ತ್ರಿಭುಜ ಬರುತ್ತದೆ, ಅದರ ಎರಡು ಪಕ್ಕದಲ್ಲಿ ಒಂದೇ ಪದರದ ಎರಡು ತ್ರಿಭುಜ ಹೊರಗೆ ಚಾಚಿರುತ್ತವೆ. ಚಾಚಿದ್ದನ್ನು ಕತ್ತರಿಸಿ, ಮಡಿಕೆ ಬಿಡಿಸಿ. ವಜ್ರಾಕೃತಿ ಸಿದ್ಧ, ಒಂದೊಂದು ಬಾಹುವೂ ಸುಮಾರು 22.3 ಸೆಂ.ಮೀ. ಬರಬೇಕು. ಸ್ಕೇಲ್ ಇಟ್ಟು ನಾಲ್ಕನ್ನೂ ಅಳೆದು ನೋಡಿ.

ಗಾಳಿಪಟಕ್ಕೆ ಹಾಳೆಯನ್ನು ಒಂದು ಸಲ ಮಡಚಿ, ಮಡಿಕೆಯ ಮೇಲೆ ಎರಡು ಕಡೆ ಚುಕ್ಕಿ ಇಡಿ, ಮಡಿಕೆಯಿಂದ ಸ್ವಲ್ಪ ದೂರ ಮೂರನೇ ಚುಕ್ಕಿ ಇಡಿ. ಮೂರನೆಯದರಿಂದ ಮೊದಲ ಎರಡಕ್ಕೆ ನೇರ ಗೆರೆ ಎಳೆದು ಎರಡೂ ಪದರ ಸೇರಿಸಿ ಕತ್ತರಿಸಿ. ಎರಡು ಗೆರೆಗಳ ಉದ್ದ ಬೇರೆ ಬೇರೆ ಇರಲಿ, ಒಂದು 6 ಸೆಂ.ಮೀ. ಇದ್ದರೆ ಇನ್ನೊಂದು 9. ಎರಡೂ ಸಮ ಆದರೆ ನಿಮಗೆ ಸಿಗುವುದು ಇನ್ನೊಂದು ವಜ್ರಾಕೃತಿ.

ತ್ರಾಪಿಜ್ಯ ಅಂದರೆ ಒಂದು ಜೊತೆ ಬಾಹುಗಳು ಮಾತ್ರ ಸಮಾಂತರವಾಗಿರುವ ಚತುರ್ಭುಜ. ಇದನ್ನು ಎರಡು ಥರ ಮಾಡಿಕೊಳ್ಳಿ. ಹಾಳೆಯನ್ನು ಮಡಚಿ, ತೆರೆದ ಕಡೆ ಮೇಲಿಂದ ಕೆಳಕ್ಕೆ ಓರೆಯಾಗಿ ಕತ್ತರಿಸಿ ಬಿಡಿಸಿದರೆ ಸಮದ್ವಿಬಾಹು ತ್ರಾಪಿಜ್ಯ, ಅಂದರೆ ಓರೆ ಬಾಹು ಎರಡೂ ಸಮ ಇರುವುದು. ಇನ್ನೊಂದು ಹಾಳೆಯನ್ನು ಮಡಚದೆ ಒಂದು ಕಡೆ ಮಾತ್ರ ಓರೆಯಾಗಿ ಕತ್ತರಿಸಿದರೆ ಮಾಮೂಲಿ ತ್ರಾಪಿಜ್ಯ.

ಸಮಾಂತರ ಚತುರ್ಭುಜಕ್ಕೆ ಎ4 ಹಾಳೆಯನ್ನು ಉದ್ದುದ್ದಕ್ಕೆ ಎರಡು ಪಟ್ಟಿ ಮಾಡಿ, ಒಂದನ್ನು ತೆಗೆದುಕೊಳ್ಳಿ. ಮೇಲಿನ ಅಂಚಿನಲ್ಲಿ ಎಡ ತುದಿಯಿಂದ 5 ಸೆಂ.ಮೀ. ಗುರುತು ಹಾಕಿ, ಕೆಳಗಿನ ಎಡ ಮೂಲೆಯಿಂದ ಅಲ್ಲಿಗೆ ಕತ್ತರಿಸಿ. ಕೆಳಗಿನ ಅಂಚಿನಲ್ಲಿ ಬಲ ತುದಿಯಿಂದ 5 ಸೆಂ.ಮೀ. ಗುರುತು ಹಾಕಿ, ಮೇಲಿನ ಬಲ ಮೂಲೆಯಿಂದ ಅಲ್ಲಿಗೆ ಕತ್ತರಿಸಿ. ಉದ್ದನೆ ಬಾಹು 24.7 ಸೆಂ.ಮೀ., ಓರೆ ಬಾಹು ಸುಮಾರು 11.6 ಸೆಂ.ಮೀ. ಬರುತ್ತದೆ.

ಎಚ್ಚರ: ಕೆಲಸ ಬೇಗ ಮುಗಿಯಲಿ ಅಂತ ಪಟ್ಟಿಯನ್ನು ನಡುವೆ ಮಡಚಿ ಎರಡೂ ತುದಿಗಳನ್ನು ಒಟ್ಟಿಗೆ ಕತ್ತರಿಸಬೇಡಿ. ಹಾಗೆ ಮಾಡಿದರೆ ಬರುವುದು ಸಮದ್ವಿಬಾಹು ತ್ರಾಪಿಜ್ಯ. ಯಾಕೆ ಅಂತ ಒಂದು ನಿಮಿಷ ಯೋಚಿಸಿ. ಮಡಚಿ ಕತ್ತರಿಸಿದ ಯಾವುದಕ್ಕೇ ಆಗಲಿ, ಆ ಮಡಿಕೆ ಸಮಮಿತಿ ರೇಖೆ ಆಗಿಯೇ ಆಗುತ್ತದೆ. ಸಮಾಂತರ ಚತುರ್ಭುಜವನ್ನು ಹಾಳೆ ಮಡಚಿ ಒಂದೇ ಏಟಿಗೆ ಕತ್ತರಿಸಲು ಯಾರಿಗೂ ಆಗುವುದಿಲ್ಲ. ಅದಕ್ಕೆ ರೇಖೆ ಇಲ್ಲ ಅನ್ನುವುದರ ಮೊದಲ ಸುಳಿವು ಇದೇ.

2ನೇ ಹಂತ: ಎಷ್ಟು ಗೆರೆಗಳನ್ನು ಪರೀಕ್ಷಿಸಬೇಕು?

ಮಕ್ಕಳು ಹಾಳೆಯನ್ನು ಹೇಗೆಂದರೆ ಹಾಗೆ ಮಡಚಿ ಮಡಚಿ ಸುಸ್ತಾಗುತ್ತಾರೆ. ಅಷ್ಟು ಬೇಕಿಲ್ಲ. ಚತುರ್ಭುಜ ಯಾವುದೇ ಇರಲಿ, ಸಮಮಿತಿ ರೇಖೆ ಆಗಬಲ್ಲ ಗೆರೆಗಳು ನಾಲ್ಕೇ: ಎರಡು ಕರ್ಣ, ಎರಡು ನಡುಗೆರೆ. ಐದನೆಯದು ಇಲ್ಲ.

ಕಾರಣ ಸರಳ. ಮಡಚಿದಾಗ ಪ್ರತಿ ಮೂಲೆಯೂ ಇನ್ನೊಂದು ಮೂಲೆಯ ಮೇಲೆ ಬೀಳಬೇಕು, ಇಲ್ಲವೇ ಮಡಿಕೆಯ ಮೇಲೇ ಇರಬೇಕು. ಮಡಿಕೆಯ ಮೇಲೆ ಇಲ್ಲದ ಮೂಲೆಗಳು ಜೋಡಿ ಜೋಡಿಯಾಗಿಯೇ ಇರಬೇಕಾದ್ದರಿಂದ, ನಾಲ್ಕು ಮೂಲೆಯಲ್ಲಿ ಮಡಿಕೆಯ ಮೇಲೆ ಇರುವವು ಎರಡು ಅಥವಾ ಸೊನ್ನೆ, ಒಂದೋ ಮೂರೋ ಆಗಲು ಸಾಧ್ಯವಿಲ್ಲ. ಎರಡು ಇದ್ದರೆ ಅವು ಎದುರುಬದುರಿನ ಮೂಲೆಗಳೇ ಆಗಬೇಕು, ಪಕ್ಕಪಕ್ಕದವು ಆದರೆ ಗೆರೆ ಬಾಹುವಿನ ಮೇಲೇ ಹೋಗುತ್ತದೆ, ಆಕೃತಿ ಎರಡು ಭಾಗವೇ ಆಗುವುದಿಲ್ಲ. ಹಾಗಾಗಿ ಅದು ಕರ್ಣ. ಸೊನ್ನೆ ಇದ್ದರೆ ಎರಡೆರಡು ಮೂಲೆ ಜೋಡಿಯಾಗಿ ಕೂರಬೇಕು, ಗೆರೆ ಬಾಹುಗಳ ಮಧ್ಯದಲ್ಲೇ ಹಾದುಹೋಗಬೇಕು. ಅದು ನಡುಗೆರೆ.

ತ್ರಿಭುಜಕ್ಕೆ ಇದೇ ಲೆಕ್ಕ ಹಾಕಿದರೆ ಮಡಿಕೆಯ ಮೇಲೆ ಒಂದು ಮೂಲೆ ಇರಲೇಬೇಕು, ಉಳಿದ ಎರಡು ಜೋಡಿ. ಅಂದರೆ ಪರೀಕ್ಷೆ ಮಾಡಬೇಕಾದ ಗೆರೆಗಳು ಮೂರು, ಒಂದೊಂದು ಮೂಲೆಯಿಂದ ಎದುರಿನ ಬಾಹುವಿನ ಮಧ್ಯಕ್ಕೆ.

3ನೇ ಹಂತ: ಮಡಚಿ ನೋಡಿ

ಈಗ ಒಂದೊಂದೇ ಆಕೃತಿ ತೆಗೆದುಕೊಂಡು ನಾಲ್ಕು ಗೆರೆಗಳಲ್ಲೂ ಮಡಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಂಚುಗಳು ಒಂದೆರಡು ಮಿ.ಮೀ. ಆಚೀಚೆ ಆದರೆ ಅದು ಕತ್ತರಿಯ ತಪ್ಪು. ಒಂದು ಸೆಂ.ಮೀ. ಅಥವಾ ಜಾಸ್ತಿ ಹೊರಗೆ ಬಂದರೆ ಆ ಗೆರೆ ಸಮಮಿತಿ ರೇಖೆ ಅಲ್ಲ.

ಆಯತದಿಂದ ಶುರು ಮಾಡಿ. ನಡುಗೆರೆ ಎರಡೂ ಕೂರುತ್ತವೆ. ಈಗ ಕರ್ಣದ ಮೇಲೆ ಮಡಚಿ. ಮೂಲೆ ಹೋಗಿ ಎದುರು ಮೂಲೆಯ ಮೇಲೆ ಬೀಳಬೇಕಿತ್ತು ಅಲ್ವಾ? ಎ4 ಹಾಳೆಯಲ್ಲಿ ಅದು ಬೀಳುವುದು ಸುಮಾರು 12 ಸೆಂ.ಮೀ. ದೂರದಲ್ಲಿ. ಸ್ಕೇಲ್ ಇಟ್ಟು ಅಳೆಯಿರಿ, ಮಕ್ಕಳ ಕೈಯಲ್ಲೇ ಅಳೆಸಿ. ಕರ್ಣ ಆಯತವನ್ನು ಎರಡು ಸಮ ತ್ರಿಭುಜ ಮಾಡುತ್ತದೆ, ಅದು ನಿಜ. ಕತ್ತರಿಸಿ ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದರ ಮೇಲೆ ಕೂರುತ್ತದೆ, ಅದೂ ನಿಜ. ಮಡಚಿದರೆ ಮಾತ್ರ ಕೂರುವುದಿಲ್ಲ. ಮೊದಲನೇ ಪ್ರಶ್ನೆಗೆ ಉತ್ತರ ಇಷ್ಟೇ. ಆಯತಕ್ಕೆ 2.

ಚೌಕದಲ್ಲಿ ನಾಲ್ಕೂ ಕೂರುತ್ತವೆ, 4. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಬರೆದಿದ್ದರೂ 4, ಹಾಳೆ ತಿರುಗಿಸಿದ ಮಾತ್ರಕ್ಕೆ ರೇಖೆಗಳ ಸಂಖ್ಯೆ ಬದಲಾಗುವುದಿಲ್ಲ.

ವಜ್ರಾಕೃತಿ ಆಯತಕ್ಕೆ ತದ್ವಿರುದ್ಧ. ಕರ್ಣ ಎರಡೂ ಕೂರುತ್ತವೆ, ನಡುಗೆರೆ ಎರಡೂ ಕೂರುವುದಿಲ್ಲ. 2. ಗಾಳಿಪಟಕ್ಕೆ ಒಂದೇ ಕರ್ಣ, ನೀವು ಕತ್ತರಿಸುವಾಗ ಮಡಚಿದ್ದೇ ಅದು. ಸಮದ್ವಿಬಾಹು ತ್ರಾಪಿಜ್ಯಕ್ಕೆ ಒಂದೇ ನಡುಗೆರೆ, ಅದು ಸಮಾಂತರ ಬಾಹುಗಳ ಮಧ್ಯದಲ್ಲಿ ಹೋಗುವುದು. ಮಾಮೂಲಿ ತ್ರಾಪಿಜ್ಯಕ್ಕೆ 0.

ಸಮಾಂತರ ಚತುರ್ಭುಜಕ್ಕೆ ಸ್ವಲ್ಪ ಸಮಯ ಕೊಡಿ. ನಡುಗೆರೆಯ ಮೇಲೆ ಮಡಚಿದರೆ ಚೂಪು ಮೂಲೆ ಹೋಗಿ ಅಗಲ ಮೂಲೆಯ ಪಕ್ಕದಲ್ಲಿ ಬೀಳುತ್ತದೆ, ಹೊಂದುವುದಿಲ್ಲ. ಕರ್ಣದ ಮೇಲೆ ಮಡಚಿದರೆ 24.7 ಸೆಂ.ಮೀ. ಬಾಹು 11.6 ಸೆಂ.ಮೀ. ಬಾಹುವಿನ ಕಡೆ ಬಂದು ಕೂರಬೇಕು, ಅದೂ ಆಗುವುದಿಲ್ಲ. ನಾಲ್ಕೂ ಗೆರೆ ಸೋತವು, ಐದನೆಯದು ಇಲ್ಲ. ಆದ್ದರಿಂದ 0. ಅಷ್ಟಾದರೂ ಕಣ್ಣಿಗೆ ಅದು ಒಪ್ಪವಾಗಿ ಕಾಣುತ್ತದಲ್ಲ, ಅದಕ್ಕೂ ಕಾರಣ ಇದೆ. ಟ್ರೇಸಿಂಗ್ ಪೇಪರ್ ಮೇಲೆ ಅದರ ನಕಲು ತೆಗೆದು, ಕರ್ಣಗಳು ಸೇರುವ ಜಾಗದಲ್ಲಿ ಪೆನ್ಸಿಲ್ ಮೊನೆ ಒತ್ತಿ ಹಿಡಿದು, ಪೇಪರನ್ನು ಅರ್ಧ ಸುತ್ತು ತಿರುಗಿಸಿ. ಸರಿಯಾಗಿ ಕೂರುತ್ತದೆ. ಹೀಗೆ ತಿರುಗಿಸಿದಾಗ ಕೂರುವುದಕ್ಕೆ ಪರಿಭ್ರಮಣ ಸಮಮಿತಿ ಅನ್ನುತ್ತಾರೆ. ನಮ್ಮ ಕಣ್ಣು ಗುರುತಿಸಿದ್ದು ಇದನ್ನು, ಪ್ರಶ್ನೆಯಲ್ಲಿ ಕೇಳಿದ್ದು ಮಡಿಕೆಯನ್ನು. ಅದೇ ಟ್ರೇಸಿಂಗ್ ಪೇಪರನ್ನು ಮಗುಚಿ ಹಾಕಿ ಪ್ರಯತ್ನಿಸಿ, ಏನು ಮಾಡಿದರೂ ಕೂರುವುದಿಲ್ಲ. ಇಂಗ್ಲಿಷ್‌ನ ಎಸ್, ಎನ್, ಜಡ್ ದೊಡ್ಡಕ್ಷರಗಳೂ ಇದೇ ಗುಂಪಿನವು.

4ನೇ ಹಂತ: ಮಡಚಲು ಆಗದಿದ್ದಾಗ ಎರಡು ಪ್ರಶ್ನೆ

ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮಡಚಿಕೊಂಡು ಕೂರಲು ಆಗುವುದಿಲ್ಲ. ಅಳತೆ ಕೊಟ್ಟಿದ್ದರೆ ಈ ಎರಡು ಪ್ರಶ್ನೆ ಕೇಳಿ ಸಾಕು.

ಕರ್ಣಕ್ಕೆ: ಕರ್ಣದ ಒಂದು ತುದಿಯಿಂದ ಹೊರಡುವ ಎರಡು ಬಾಹುಗಳು ಸಮ ಇವೆಯಾ, ಇನ್ನೊಂದು ತುದಿಯಿಂದ ಹೊರಡುವ ಎರಡೂ ತಮ್ಮೊಳಗೆ ಸಮ ಇವೆಯಾ? ಎರಡಕ್ಕೂ ಹೌದು ಅಂದರೆ ಮಾತ್ರ ಅದು ಸಮಮಿತಿ ರೇಖೆ.

ನಡುಗೆರೆಗೆ: ಅದು ಹಾದುಹೋಗುವ ಬಾಹುವಿನ ಎರಡು ತುದಿಯ ಕೋನಗಳು ಸಮ ಇವೆಯಾ, ಎದುರು ಬಾಹುವಿನ ಎರಡು ತುದಿಯ ಕೋನಗಳೂ ಸಮ ಇವೆಯಾ?

ಉದಾಹರಣೆಗೆ ಬಾಹುಗಳು ಸುತ್ತ ಬರುವ ಕ್ರಮದಲ್ಲಿ 5, 5, 3, 3 ಸೆಂ.ಮೀ. ಇದ್ದರೆ ಅದು ಗಾಳಿಪಟ, ಒಂದು ರೇಖೆ. ಅದೇ ಅಳತೆಗಳು 5, 3, 5, 3 ಅಂತ ಬಂದರೆ ಅದು ಸಮಾಂತರ ಚತುರ್ಭುಜ, ಒಂದು ಕೋನ 90 ಡಿಗ್ರಿ ಇದ್ದರೆ ಆಯತ. ಅಳತೆ ಅದೇ, ಕ್ರಮ ಬೇರೆ, ಉತ್ತರ ಬೇರೆ. ಆತುರದಲ್ಲಿ ಓದಿ ಜಾರಿ ಬೀಳುವ ಜಾಗ ಇದು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಸರಿಯಾಗಿ ಮೂರೇ ಸಮಮಿತಿ ರೇಖೆ ಇರುವ ಚತುರ್ಭುಜ ಇಲ್ಲವೇ ಇಲ್ಲ. ಮೂರು ಬೇಕು ಅಂದರೆ ಒಂದು ಕರ್ಣ ಮತ್ತು ಒಂದು ನಡುಗೆರೆ ಒಟ್ಟಿಗೆ ಬರಲೇಬೇಕು. ಅವೆರಡು ಬಂದ ಕೂಡಲೇ ಆಕೃತಿ ಚೌಕವೇ ಆಗಿಬಿಡುತ್ತದೆ, ರೇಖೆ ನಾಲ್ಕಾಗುತ್ತದೆ. ಹಾಗೇ ಸರಿಯಾಗಿ ಎರಡೇ ರೇಖೆ ಇರುವ ತ್ರಿಭುಜವೂ ಇಲ್ಲ. ಸಮಬಾಹುವಿಗೆ 3, ಸಮದ್ವಿಬಾಹುವಿಗೆ 1, ಅಸಮಬಾಹುವಿಗೆ 0. ಮಕ್ಕಳಿಗೆ ಇದನ್ನು ಹೇಳಿಬಿಡಬೇಡಿ, ಎರಡು ರೇಖೆಯ ತ್ರಿಭುಜ ಬರೆದುಕೊಂಡು ಬಾ ಅಂತ ಕೇಳಿ ಬಿಟ್ಟುಬಿಡಿ. ಪ್ರಯತ್ನಪಟ್ಟು ಆಗುವುದಿಲ್ಲ ಅಂತ ಬಂದ ಮಗುವಿಗೆ ಯಾಕೆ ಅಂತಲೂ ಗೊತ್ತಾಗಿರುತ್ತದೆ.

5ನೇ ಹಂತ: ಕನ್ನಡಿ

ಗೆರೆಯ ಮೇಲೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಎದುರಿನ ಅರ್ಧ ಮತ್ತು ಕನ್ನಡಿಯೊಳಗಿನ ಅರ್ಧ ಸೇರಿ ಮೊದಲಿನ ಆಕೃತಿಯೇ ಕಂಡರೆ ಆ ಗೆರೆ ಸಮಮಿತಿ ರೇಖೆ. ಸಾಮಾನ್ಯ ಕನ್ನಡಿಯಲ್ಲಿ ಬಿಂಬ ಮೂಡಿಸುವ ಲೇಪ ಗಾಜಿನ ಹಿಂದೆ ಇರುತ್ತದೆ, ಆದ್ದರಿಂದ ಗೆರೆಯ ಮೇಲೆ ಕೂರಬೇಕಾದ್ದು ಹಿಂದಿನ ಅಂಚು, ಮುಂದಿನದಲ್ಲ. ಇದನ್ನು ಮರೆತರೆ ಚೌಕವೂ ಸ್ವಲ್ಪ ಉದ್ದಕ್ಕೆ ಎಳೆದ ಹಾಗೆ ಕಾಣುತ್ತದೆ. ಕನ್ನಡಿ ವಾಲಿದರೂ ಅಷ್ಟೇ.

ಕನ್ನಡಿಯ ದೊಡ್ಡ ಉಪಯೋಗ ಅಂದರೆ ತಪ್ಪು ಗೆರೆ ಯಾಕೆ ತಪ್ಪು ಅಂತ ಅದು ತೋರಿಸುತ್ತದೆ. ಆಯತದ ಕರ್ಣದ ಮೇಲೆ ಇಟ್ಟು ನೋಡಿ. ಆಯತ ಕಾಣುವುದಿಲ್ಲ, ಗಾಳಿಪಟ ಕಾಣುತ್ತದೆ. ಚೌಕದ ಕರ್ಣದ ಮೇಲೆ ಇಟ್ಟರೆ ಚೌಕವೇ. ಒಂದು ಸಲ ಇದನ್ನು ನೋಡಿದ ಮೇಲೆ ಆಯತದ ಕರ್ಣವನ್ನು ಸಮಮಿತಿ ರೇಖೆ ಅಂತ ಬರೆಯುವವರು ಕಡಿಮೆ.

6ನೇ ಹಂತ: ಪಂಚಭುಜ, ಷಡ್ಭುಜ, ವೃತ್ತ

ನಿಯಮಿತ ಬಹುಭುಜ ಅಂದರೆ ಎಲ್ಲ ಬಾಹುಗಳೂ ಸಮ, ಎಲ್ಲ ಕೋನಗಳೂ ಸಮ ಇರುವುದು. ಇವಕ್ಕೆ ಬಾಹು ಎಷ್ಟೋ ರೇಖೆ ಅಷ್ಟು. ಪಂಚಭುಜಕ್ಕೆ 5, ಷಡ್ಭುಜಕ್ಕೆ 6, ಅಷ್ಟಭುಜಕ್ಕೆ 8.

ಪಂಚಭುಜ ಬರೆಯುವುದು ಕಷ್ಟ ಅಂತ ಬಿಡಬೇಡಿ. ಎತ್ತಿಟ್ಟ ಪಟ್ಟಿಯಿಂದ ಉದ್ದಕ್ಕೆ 2 ಸೆಂ.ಮೀ. ಅಗಲದ ಚಿಕ್ಕ ಪಟ್ಟಿ ಕತ್ತರಿಸಿ. ಅದಕ್ಕೆ ಒಂದು ಸಾದಾ ಗಂಟು ಹಾಕಿ, ನಿಧಾನವಾಗಿ ಬಿಗಿ ಮಾಡುತ್ತಾ ಚಪ್ಪಟೆಯಾಗಿ ಒತ್ತಿ, ಹೊರಗೆ ಉಳಿದ ತುದಿಗಳನ್ನು ಕತ್ತರಿಸಿ. ಗಂಟು ನಿಯಮಿತ ಪಂಚಭುಜವೇ ಆಗಿರುತ್ತದೆ. ಅದರ ಐದು ರೇಖೆಗಳೂ ಒಂದು ಮೂಲೆಯಿಂದ ಎದುರಿನ ಬಾಹುವಿನ ಮಧ್ಯಕ್ಕೆ ಹೋಗುತ್ತವೆ. ಷಡ್ಭುಜಕ್ಕೆ ಕೈವಾರದಲ್ಲಿ ವೃತ್ತ ಎಳೆದು, ಅಗಲ ಬದಲಿಸದೆ ವೃತ್ತದ ಮೇಲೇ ಆರು ಗುರುತು ಹಾಕುತ್ತಾ ಹೋಗಿ, ಸೇರಿಸಿ.

ಈಗ ಮೂರನೇ ಪ್ರಶ್ನೆ. ಷಡ್ಭುಜದಲ್ಲಿ ಮೂಲೆಯಿಂದ ಹೊರಟ ರೇಖೆ ಎದುರಿನ ಮೂಲೆಗೆ ಹೋಗಿ ಸೇರುತ್ತದೆ. ಆರು ಮೂಲೆಗೆ ಆರು ಅಂತ ಎಣಿಸಿದರೆ ಪ್ರತಿ ರೇಖೆಯನ್ನು ಎರಡು ತುದಿಯಿಂದಲೂ ಎಣಿಸಿದ ಹಾಗಾಯಿತು. ನಿಜಕ್ಕೂ ಮೂರೇ. ಬಾಹುಗಳ ಮಧ್ಯದಲ್ಲಿ ಹೋಗುವವೂ ಮೂರೇ. ಒಟ್ಟು 6. ತಪ್ಪದಿರಲು ಪ್ರತಿ ರೇಖೆಗೂ ಬೇರೆ ಬಣ್ಣದ ಪೆನ್ಸಿಲ್ ಹಿಡಿಯಿರಿ, ರೇಖೆಯನ್ನು ಆಕೃತಿಯ ಹೊರಗೂ ಎರಡೂ ಕಡೆ ಸ್ವಲ್ಪ ಎಳೆಯಿರಿ, ಎಷ್ಟು ಬಣ್ಣವೋ ಅಷ್ಟು ರೇಖೆ.

ವೃತ್ತಕ್ಕೆ ಕೇಂದ್ರದ ಮೂಲಕ ಹೋಗುವ ಪ್ರತಿ ಗೆರೆಯೂ ಸಮಮಿತಿ ರೇಖೆ, ಅಂದರೆ ಲೆಕ್ಕವಿಲ್ಲದಷ್ಟು, ಅನಂತ. 360 ಅಂತ ಬರೆಯುವವರಿದ್ದಾರೆ, ಅದು ತಪ್ಪು. ಎರಡು ಡಿಗ್ರಿ ಗುರುತುಗಳ ನಡುವೆಯೂ ಗೆರೆ ಎಳೆಯಬಹುದಲ್ಲ. ಅರ್ಧವೃತ್ತಕ್ಕೆ 1. ಕಾಲು ವೃತ್ತಕ್ಕೂ 1. ದೀರ್ಘವೃತ್ತಕ್ಕೆ 2.

7ನೇ ಹಂತ: ಮನೆ ಮುಂದೆ, ಊರ ಸುತ್ತ

ಹಾಳೆಯ ಮೇಲೆ ಕಲಿತದ್ದನ್ನು ಗಟ್ಟಿ ಮಾಡಲು ಚುಕ್ಕಿ ರಂಗೋಲಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. 5ಕ್ಕೆ 5 ನೇರ ಚುಕ್ಕಿ ಇಟ್ಟರೆ ಚುಕ್ಕಿಗಳ ಜೋಡಣೆ ಚೌಕ, 4 ರೇಖೆ. 7ರಿಂದ 4ರವರೆಗೆ ಮಧ್ಯ ಚುಕ್ಕಿ ಇಟ್ಟರೆ, ಅಂದರೆ ನಡುಸಾಲಿನಲ್ಲಿ 7, ಮೇಲೂ ಕೆಳಗೂ 6, 5, 4, ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ನಡುವೆ ಬರುವ ಹಾಗೆ, ಆಗ ಷಡ್ಭುಜ ಕಾಣುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಚುಕ್ಕಿಯಿಂದ ಚುಕ್ಕಿಗೆ 2 ಸೆಂ.ಮೀ. ಬಿಟ್ಟಿದ್ದರೆ ಸಾಲಿನಿಂದ ಸಾಲಿಗೆ ಬಿಡಬೇಕಾದ್ದು 2 ಸೆಂ.ಮೀ. ಅಲ್ಲ, ಸುಮಾರು 1.73 ಸೆಂ.ಮೀ. ಹಾಗಿದ್ದರೆ ಮಾತ್ರ ಅದು ನಿಯಮಿತ ಷಡ್ಭುಜ, 6 ರೇಖೆ. ಸಾಲುಗಳ ನಡುವೆಯೂ 2 ಸೆಂ.ಮೀ. ಬಿಟ್ಟರೆ ಷಡ್ಭುಜ ಉದ್ದಕ್ಕೆ ಎಳೆದುಕೊಳ್ಳುತ್ತದೆ, ರೇಖೆ ಎರಡಕ್ಕೆ ಇಳಿಯುತ್ತದೆ. ಅಭ್ಯಾಸವಾದ ಕೈಗೆ ಈ ಅಂತರ ತಾನಾಗಿ ಬರುತ್ತದೆ, ಮನೆಯಲ್ಲಿ ಅಜ್ಜಿ ಇದ್ದರೆ ಅವರು ಇಟ್ಟ ಚುಕ್ಕಿಗಳನ್ನು ಸ್ಕೇಲ್ ಹಿಡಿದು ಅಳೆದು ನೋಡಿ. ಬಣ್ಣ ತುಂಬಿದ ಮೇಲೆ ಇನ್ನೊಮ್ಮೆ ಎಣಿಸಿ. ಎದುರುಬದುರಿನ ಎಸಳುಗಳಿಗೆ ಬೇರೆ ಬೇರೆ ಬಣ್ಣ ಹಾಕಿದ್ದರೆ, ಬಣ್ಣವನ್ನೂ ಲೆಕ್ಕಕ್ಕೆ ಹಿಡಿದಾಗ ರೇಖೆ ಕಡಿಮೆ ಆಗುತ್ತದೆ. ಪ್ರಶ್ನೆಯಲ್ಲಿ ಬಣ್ಣದ ಮಾತಿಲ್ಲದಿದ್ದರೆ ಆಕಾರ ಮಾತ್ರ ನೋಡಿ.

ಚಿಕ್ಕಮಗಳೂರು ಕಡೆಯವರಿಗೆ ಹೂಮಳೆ ಬಿದ್ದ ಮೇಲೆ ತೋಟದಲ್ಲೇ ಪಾಠ ಸಿಗುತ್ತದೆ. ಅರೇಬಿಕಾ ಕಾಫಿ ಹೂವಿಗೆ ಸಾಮಾನ್ಯವಾಗಿ 5 ಎಸಳು. ಎಸಳುಗಳು ಒಂದೇ ಸಮ ಅಂತ ಹಿಡಿದುಕೊಂಡರೆ 5 ರೇಖೆ. ಎಲೆಗೆ ಒಂದು, ನಡುನರದ ಉದ್ದಕ್ಕೆ.

ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆ ಇದೆಯಲ್ಲ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಅದು ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಎಂಟೂ ಚಾಚುಗಳು ಸಮ ಇರುವ ನಕ್ಷತ್ರಕ್ಕೆ 8 ರೇಖೆ: ತುದಿಯಿಂದ ಎದುರು ತುದಿಗೆ ನಾಲ್ಕು, ತಗ್ಗಿನಿಂದ ಎದುರು ತಗ್ಗಿಗೆ ನಾಲ್ಕು. ಮೊಬೈಲ್‌ನಲ್ಲಿ ಉಪಗ್ರಹ ನಕ್ಷೆ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಒಂದು ತುದಿ ನೇರ ಮೇಲಕ್ಕೆ ಬರುವ ಹಾಗೆ ಚಿತ್ರ ತಿರುಗಿಸಿ, ಗ್ಯಾಲರಿಯ ಎಡಿಟ್‌ನಲ್ಲಿ ಫ್ಲಿಪ್ ಒತ್ತಿ. ಮೊದಲಿನ ಚಿತ್ರ, ಫ್ಲಿಪ್ ಆದ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಹೊರಗೋಡೆಯ ಆಕಾರ ಎಷ್ಟು ಹೊಂದುತ್ತದೆ, ಬಾಗಿಲು, ಮೆಟ್ಟಿಲು ಎಲ್ಲಿ ಹೊಂದುವುದಿಲ್ಲ ಅಂತ ಗುರುತು ಹಾಕಿ. ನೆಲದಲ್ಲಿ ನಿಂತು ಓರೆಯಾಗಿ ತೆಗೆದ ಫೋಟೋದಲ್ಲಿ ಈ ಕೆಲಸ ಮಾಡಬೇಡಿ, ಹತ್ತಿರದ್ದು ದೊಡ್ಡದಾಗಿ ದೂರದ್ದು ಚಿಕ್ಕದಾಗಿ ಬಂದು ಎಲ್ಲ ಕೆಡುತ್ತದೆ.

ಹೊಯ್ಸಳರ ದೇವಸ್ಥಾನಗಳ ನಕ್ಷತ್ರ ತಳವಿನ್ಯಾಸವನ್ನು ಹಾಳೆಯ ಮೇಲೆ ಮಾಡಿ ನೋಡಿ. ಚೌಕವೊಂದನ್ನು ಅದರ ಕೇಂದ್ರದಲ್ಲೇ 45 ಡಿಗ್ರಿ ತಿರುಗಿಸಿ ಮೊದಲಿನದರ ಮೇಲೆ ಬರೆದರೆ ಎಂಟು ಮೂಲೆ. 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಚೌಕ ಬರೆದರೆ 16 ಮೂಲೆ, 16 ರೇಖೆ. ಅರಸೀಕೆರೆಯ ಈಶ್ವರ ದೇವಸ್ಥಾನ 1220ರ ಕಾಲದ್ದು, ಅದರ ಮಂಟಪ 16 ಮೂಲೆಯ ನಕ್ಷತ್ರಾಕಾರಕ್ಕೇ ಹೆಸರುವಾಸಿ. ಮಂಟಪ ಒಂದು ಬದಿಯಲ್ಲಿ ದೇವಸ್ಥಾನಕ್ಕೆ ಸೇರಿಕೊಂಡಿರುವುದರಿಂದ ಕಟ್ಟಡದ ಒಟ್ಟು ನಕ್ಷೆಗೆ 16 ರೇಖೆ ಉಳಿಯುವುದಿಲ್ಲ ಅನ್ನುವುದನ್ನೂ ಗಮನಿಸಿ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಎರಡು ಗುಡಿ ಅಕ್ಕಪಕ್ಕ, ಎರಡರ ಎದುರಿಗೂ ನಂದಿ ಮಂಟಪ. ನಡುವೆ ಒಂದು ರೇಖೆ ಎಳೆದರೆ ಕೂರುತ್ತದೆ ಅನ್ನಿಸುತ್ತದೆ. ಆದರೆ ದಕ್ಷಿಣದ ನಂದಿ ಮಂಟಪದ ಹಿಂದೆ ಸೂರ್ಯನ ಗುಡಿ ಇದೆ, ಉತ್ತರದ ನಂದಿಯ ಹಿಂದೆ ಇಲ್ಲ. ಮುಂದಿನ ಸಲ ಹೋದಾಗ ಮಕ್ಕಳ ಕೈಗೆ ಪುಸ್ತಕ, ಪೆನ್ಸಿಲ್ ಕೊಟ್ಟು ನಕ್ಷೆ ಬರೆಸಿ, ರೇಖೆಯನ್ನು ಕೆಡಿಸುವುದು ಇನ್ನೂ ಏನೇನಿದೆ ಅಂತ ಹುಡುಕಿಸಿ.

8ನೇ ಹಂತ: ಉತ್ತರ ಬರೆಯುವಾಗ

ಸಮಮಿತಿ ರೇಖೆಯನ್ನು ತುಂಡು ಗೆರೆಯಲ್ಲಿ ಎಳೆಯಿರಿ, ಆಗ ಆಕೃತಿಯ ಬಾಹು ಯಾವುದು, ರೇಖೆ ಯಾವುದು ಅಂತ ಗೊಂದಲ ಆಗುವುದಿಲ್ಲ. ಚಿತ್ರವನ್ನು ನಂಬಬೇಡಿ, ಬರೆದಿರುವ ಮಾತನ್ನು ನಂಬಿ. ಪುಸ್ತಕಗಳಲ್ಲಿ ತ್ರಾಪಿಜ್ಯದ ಚಿತ್ರ ಎಷ್ಟೋ ಸಲ ಸಮದ್ವಿಬಾಹುವಿನ ಹಾಗೇ ಕಾಣುತ್ತದೆ, ಬಾಹು ಸಮ ಅಂತ ಹೇಳಿರುವುದಿಲ್ಲ. ಬರೀ ಷಡ್ಭುಜ ಅಂದಿದ್ದರೆ ನಿಯಮಿತವಾ ಅಂತ ನೋಡಿ. ಬರೀ ಸಮಾಂತರ ಚತುರ್ಭುಜ ಅಂದಿದ್ದರೆ 0. ಅದರ ಜೊತೆ ಎಲ್ಲ ಬಾಹುಗಳೂ ಸಮ ಅಂತ ಸೇರಿಸಿದ್ದರೆ ವಜ್ರಾಕೃತಿ, 2. ಒಂದು ಕೋನ 90 ಡಿಗ್ರಿ ಅಂತ ಸೇರಿಸಿದ್ದರೆ ಆಯತ, ಅದಕ್ಕೂ 2, ಆದರೆ ಬೇರೆ ಎರಡು. ಎರಡೂ ಮಾತು ಸೇರಿದ್ದರೆ ಚೌಕ, 4.